ಗಾಜಿನ ದೋಷಕ್ಕೊಂದು ವಿಳಾಸ

(ಹೊಸೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)



ದತ್ತಿ ಉಪನ್ಯಾಸವೆಂದರೆ ವಚನ, ದಾಸರ ಪದ, ಶಾಸನ, ಇಲ್ಲವೇ ಯಾರಾದರೂ ಹಿರಿಯ ಕವಿಯ ಕಾವ್ಯ ಎಂಬ ರೂಢಿ ನಮ್ಮಲ್ಲಿ ಬೇರೂರಿದೆ. ಅದು ತಪ್ಪೇನಲ್ಲ. ಆದರೆ ಈ ಸಭೆಯಲ್ಲಿ ಕುಳಿತವರಲ್ಲಿ ಅರ್ಧಕ್ಕರ್ಧ ಮಂದಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಯಾವುದಾದರೊಂದು ಗೇಟಿನೊಳಗೆ ಶಿಫ್ಟ್ ಮುಗಿಸಿ ಬಂದವರು, ಇಲ್ಲವೇ ಅಂಥವರ ಮನೆಯವರು. ನೀವು ದಿನವಿಡೀ ಮಾಡುವ ಕೆಲಸದ ಬಗ್ಗೆಯೂ ಕನ್ನಡದಲ್ಲಿ ಒಂದು ಗಂಟೆ ಮಾತಾಡಬಹುದು ಎಂದು ಸಂಘಟಕರಿಗೆ ಅನ್ನಿಸಿದ್ದು ನನಗೆ ಸಂತೋಷ ತಂದಿದೆ. ವಿಷಯ ಇಷ್ಟು: ಚಪ್ಪಟೆ ಗಾಜು ತಯಾರಾಗುವಾಗ ಅದರ ದೋಷಗಳನ್ನು ಯಂತ್ರ ಹೇಗೆ ಹಿಡಿಯುತ್ತದೆ, ಹಿಡಿದ ಮೇಲೆ ನಾವು ಏನು ಮಾಡಬೇಕು.

ಹೊಸೂರಿನಲ್ಲಿ ನಿಂತು ಗಾಜಿನ ಮಾತೇಕೆ ಎಂದು ಕೇಳುವವರು ಹೆದ್ದಾರಿಯ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡಬೇಕು. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ವೇಲೂರಿನ ಮೇಲೆ ಚೆನ್ನೈಗೆ ಹೋಗುವ 48ನೇ ರಾಷ್ಟ್ರೀಯ ಹೆದ್ದಾರಿ ಶ್ರೀಪೆರಂಬೂದೂರನ್ನು ಹಾದು ಹೋಗುತ್ತದೆ. ಅಲ್ಲಿ ಸೇಂಟ್ ಗೊಬೇನ್ ಕಂಪನಿ 2000ನೇ ಇಸವಿಯಿಂದ ಫ್ಲೋಟ್ ಗಾಜು ಮಾಡುತ್ತಿದೆ. ಅಲ್ಲಿಂದ ಬೆಂಗಳೂರಿಗೆ ಬರುವ ದಾರಿಗಳಲ್ಲಿ ಒಂದು ನಮ್ಮೂರಿನ ನಡುವೆಯೇ ಇದೆ. ಎ ಅಕ್ಷರದ ಆಕಾರದ ಕಬ್ಬಿಣದ ಚೌಕಟ್ಟಿಗೆ ಒರಗಿಸಿ, ನಿಲುವಾಗಿ ಕಟ್ಟಿಕೊಂಡು ಹೋಗುವ ದೊಡ್ಡ ಶೀಟುಗಳನ್ನು ನೀವೂ ನೋಡಿದ್ದೀರಿ. ಈಚೆಗೆ ಕರ್ನಾಟಕದ ಬೆಳಗಾವಿ ಜಿಲ್ಲೆಯಲ್ಲೂ ಗೋಲ್ಡ್ ಪ್ಲಸ್ ಕಂಪನಿಯ ಫ್ಲೋಟ್ ಕಾರ್ಖಾನೆ ಬಂದಿದೆ. ಕುಲುಮೆ ಎಲ್ಲೇ ಇರಲಿ, ಗಾಜನ್ನು ಕತ್ತರಿಸುವ, ಅಂಚು ತಿಕ್ಕುವ, ಕಾಯಿಸಿ ತಣಿಸಿ ಗಟ್ಟಿಗೊಳಿಸುವ ಅಂದರೆ ಟಫನ್ ಮಾಡುವ ಕೆಲಸ ಮಾತ್ರ ಬೆಂಗಳೂರಿನ ಸುತ್ತಿನ ಕೈಗಾರಿಕಾ ಪ್ರದೇಶಗಳಲ್ಲೇ ನಡೆಯುತ್ತದೆ.

ಇನ್ನೊಂದು ಕಾರಣವೂ ಇದೆ. ಹೊಸೂರು ತಪಾಸಣೆಯ ಊರು. 1980ರ ಹೊತ್ತಿಗೆ ಇಲ್ಲಿಗೆ ಟಿವಿಎಸ್ ಮೊಪೆಡ್ ಬಂತು, ಅಶೋಕ್ ಲೇಲ್ಯಾಂಡ್ ಬಂತು. 1984ರಲ್ಲಿ ಟಾಟಾ ಸಮೂಹವೂ ತಮಿಳುನಾಡಿನ ಟಿಡ್ಕೊ ನಿಗಮವೂ ಸೇರಿ ಟೈಟನ್ ಗಡಿಯಾರ ಕಂಪನಿ ಕಟ್ಟಿದವು. 2002ರಲ್ಲಿ ಅದೇ ಟೈಟನ್ ಹೊರತಂದ ಎಡ್ಜ್ ಗಡಿಯಾರದ ಒಟ್ಟು ದಪ್ಪ ಮೂರೂವರೆ ಮಿಲಿಮೀಟರ್, ಗಾಜೂ ಸೇರಿ. ಅಂಥದ್ದನ್ನು ಜೋಡಿಸುವ ಊರಿನಲ್ಲಿ ಒಂದು ಕೂದಲೆಳೆಯ ದೋಷವೂ ದೊಡ್ಡದೇ. ಗಡಿಯಾರಕ್ಕಾಗಿ ಕಲಿತ ಆ ಶಿಸ್ತಿನಿಂದಲೇ ಟೈಟನ್ ಎಂಜಿನಿಯರಿಂಗ್ ಅಂಡ್ ಆಟೊಮೇಷನ್ ಎಂಬ ಸಂಸ್ಥೆ ಹುಟ್ಟಿ, ಈಗ ಬೇರೆ ಕಾರ್ಖಾನೆಗಳಿಗೆ ಜೋಡಣೆಯ, ತಪಾಸಣೆಯ ಯಂತ್ರಗಳನ್ನು ಮಾಡಿಕೊಡುತ್ತಿದೆ. ಕ್ಯಾಮೆರಾ ಇಟ್ಟು ದೋಷ ಹಿಡಿಯುವ ಕೆಲಸ ನಮ್ಮೂರಿನ ಹುಡುಗ ಹುಡುಗಿಯರಿಗೆ ಹೊಸದಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ಈಗ ಗಾಜಿಗೆ ಬರೋಣ. ಬಿಳಿ ಮರಳು, ಸೋಡಾ ಬೂದಿ, ಸುಣ್ಣಕಲ್ಲು, ಡಾಲಮೈಟ್, ಜೊತೆಗೆ ಒಡೆದ ಗಾಜು. ಒಡೆದ ಗಾಜಿಗೆ ಕಾರ್ಖಾನೆಯವರು ಕಲೆಟ್ ಅನ್ನುತ್ತಾರೆ. ಇವನ್ನೆಲ್ಲ ಸುಮಾರು 1500 ಡಿಗ್ರಿಗೂ ಮೇಲೆ ಕಾಯಿಸಿ ಕರಗಿಸುತ್ತಾರೆ. ಕರಗಿದ ಗಾಜು ಸುಮಾರು 1100 ಡಿಗ್ರಿಯಲ್ಲಿ ಕರಗಿದ ತವರದ ಕೊಳದ ಮೇಲೆ ಹರಿಯುತ್ತದೆ. ತವರ 232 ಡಿಗ್ರಿಗೇ ಕರಗುತ್ತದೆ, ಕುದಿಯಬೇಕಾದರೆ 2600 ಡಿಗ್ರಿಯ ಹತ್ತಿರ ಹೋಗಬೇಕು. ಹಾಗಾಗಿ ಗಾಜಿನ ಕೆಳಗೆ ಅದು ಸದ್ದಿಲ್ಲದೆ ಮಟ್ಟಸವಾಗಿ ಮಲಗಿರುತ್ತದೆ. ಗಾಜು ಅದರ ಮೇಲೆ ತೇಲುತ್ತ, ತಣಿಯುತ್ತ, ಸುಮಾರು 600 ಡಿಗ್ರಿಯಲ್ಲಿ ರಿಬ್ಬನ್ನಾಗಿ ಎದ್ದು ರೋಲರುಗಳ ಮೇಲೆ ಬರುತ್ತದೆ. ಆಮೇಲೆ ಲೇರ್ ಎಂಬ ಉದ್ದನೆಯ ಸುರಂಗದಲ್ಲಿ ನಿಧಾನವಾಗಿ ತಣಿದು, ಕತ್ತರಿಸುವ ಮೇಜಿಗೆ ಬರುತ್ತದೆ. ಕುಲುಮೆ ಒಮ್ಮೆ ಹೊತ್ತಿಸಿದರೆ ಹತ್ತು ಹನ್ನೆರಡು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಹಗಲೂ ರಾತ್ರಿ ಉರಿಯುತ್ತಲೇ ಇರಬೇಕು. ಯುಗಾದಿಗೂ ರಜೆ ಇಲ್ಲ, ಪೊಂಗಲ್‌ಗೂ ಇಲ್ಲ.

ಗಾಜನ್ನು ಹೀಗೆ ತೇಲಿಸುವ ಈ ಫ್ಲೋಟ್ ವಿಧಾನವನ್ನು ಕಂಡುಹಿಡಿದವರು ಇಂಗ್ಲೆಂಡಿನ ಅಲಸ್ಟೇರ್ ಪಿಲ್ಕಿಂಗ್ಟನ್. 1952ರಲ್ಲಿ ಹೊಳೆದ ಆಲೋಚನೆ 1959ರಲ್ಲಿ ಜಗತ್ತಿಗೆ ಗೊತ್ತಾಯಿತು. ನಡುವೆ ಅವರ ದೊಡ್ಡ ಘಟಕ 14 ತಿಂಗಳ ಕಾಲ ಮಾರಲಾಗದ ಗಾಜನ್ನೇ ಮಾಡಿತು. ಮಾಡಿದ್ದನ್ನೆಲ್ಲ ಒಡೆದು ಮತ್ತೆ ಕುಲುಮೆಗೆ ಸುರಿದರು. ಆ 14 ತಿಂಗಳು ತಾಳ್ಮೆ ತೋರಿದ ಕಂಪನಿಯ ಆಡಳಿತ ಮಂಡಳಿಯನ್ನು ಮೆಚ್ಚಬೇಕೋ ಹೆದರಬೇಕೋ ಗೊತ್ತಾಗುವುದಿಲ್ಲ! ನಮ್ಮ ದೇಶಕ್ಕೆ ಫ್ಲೋಟ್ ಬಂದದ್ದು 1990ರ ದಶಕದಲ್ಲಿ. ಗುಜರಾತಿನ ಅಂಕಲೇಶ್ವರದಲ್ಲಿ, ಮುಂಬೈ ಪಕ್ಕದ ತಳೋಜಾದಲ್ಲಿ ಕುಲುಮೆಗಳು ಹೊತ್ತಿದವು. ಅದಕ್ಕೂ ಮುಂಚಿನ ಶೀಟ್ ಗಾಜನ್ನು ನೋಡಬೇಕೆಂದರೆ ಬೆಂಗಳೂರಿನ ಹಳೇ ಬಡಾವಣೆಗಳಿಗೆ ಹೋಗಿ, ಯಾವುದಾದರೂ ಹಳೇ ಮನೆಯ ಕಿಟಕಿಯಾಚೆಗಿನ ತೆಂಗಿನಮರವನ್ನು ತಲೆ ಆಡಿಸುತ್ತ ನೋಡಿ. ಮರ ಸೊಂಟ ಬಳುಕಿಸುತ್ತದೆ. ಫ್ಲೋಟ್ ಗಾಜಿನಲ್ಲಿ ಆ ಬಳುಕು ಇಲ್ಲ. ಬಳುಕು ಹೋದದ್ದರಿಂದಲೇ ಚಿಕ್ಕ ಚಿಕ್ಕ ದೋಷಗಳು ಎದ್ದು ಕಾಣತೊಡಗಿದವು.

ರಿಬ್ಬನ್ ಎಷ್ಟು ಬೇಗ ಓಡುತ್ತದೆ ಎಂಬುದನ್ನು ಲೆಕ್ಕ ಹಾಕೋಣ. ದಿನಕ್ಕೆ 600 ಟನ್ ಗಾಜು ತೆಗೆಯುವ ಕುಲುಮೆ ಎಂದಿಟ್ಟುಕೊಳ್ಳಿ. ಗಾಜಿನ ದಪ್ಪ 4 ಮಿಲಿಮೀಟರ್, ರಿಬ್ಬನ್ನಿನ ಅಗಲ ಮೂರೂವರೆ ಮೀಟರ್. ಒಂದು ಘನ ಮೀಟರ್ ಗಾಜು ಎರಡೂವರೆ ಟನ್ ತೂಗುತ್ತದೆ. ಗುಣಿಸಿ ಭಾಗಿಸಿದರೆ ದಿನಕ್ಕೆ ಸುಮಾರು 17 ಕಿಲೋಮೀಟರ್ ಉದ್ದದ ಗಾಜು ಬರುತ್ತದೆ. ಮೂರು ದಿನಕ್ಕೆ ಹೊಸೂರಿನಿಂದ ಕೃಷ್ಣಗಿರಿ ಮುಟ್ಟುತ್ತದೆ. ಈ ಹಾಸಿನಲ್ಲಿ ಎಲ್ಲೋ ಒಂದು ಕಡೆ ಸಾಸಿವೆಗಿಂತ ಚಿಕ್ಕ ಗಾಳಿಗುಳ್ಳೆ ಇದೆ. ಅದನ್ನು ಹುಡುಕಬೇಕು, ರಿಬ್ಬನ್ ನಿಲ್ಲಿಸದೆ ಹುಡುಕಬೇಕು.

ಮೊದಲು ಇದನ್ನು ಮನುಷ್ಯರೇ ಮಾಡುತ್ತಿದ್ದರು. ಕತ್ತಲು ಮಾಡಿದ ಗೂಡಿನಲ್ಲಿ ಕೂತು, ಗಾಜಿನ ಹಿಂದೆ ದೀಪ ಇಟ್ಟುಕೊಂಡು, ಹರಿದುಹೋಗುವ ರಿಬ್ಬನ್ನನ್ನೇ ದಿಟ್ಟಿಸುವುದು. ಕಂಡ ದೋಷಕ್ಕೆ ಬಣ್ಣದ ಗುರುತು ಹಾಕುವುದು. ಈ ಕೆಲಸದ ಮಿತಿ ಏನೆಂಬುದು ಗಾಜಿನವರಿಗಿಂತ ಮೊದಲು ಯುದ್ಧದವರಿಗೆ ಗೊತ್ತಾಗಿತ್ತು. ರಾಡಾರ್ ಪರದೆ ನೋಡುತ್ತ ಕೂರುವವರು ಏಕೆ ತಪ್ಪುತ್ತಾರೆ ಎಂದು ತಿಳಿಯಲು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅದರಲ್ಲಿ ಬಳಸಿದ್ದು ಗಡಿಯಾರದಂಥದ್ದೇ ಒಂದು ಸಾಧನ. ಮುಳ್ಳು ಒಂದೊಂದೇ ಹೆಜ್ಜೆ ಹೋಗುತ್ತದೆ, ಯಾವಾಗಲೋ ಒಮ್ಮೆ ಒಟ್ಟಿಗೆ ಎರಡು ಹೆಜ್ಜೆ ಜಿಗಿಯುತ್ತದೆ. ಆ ಜಿಗಿತವನ್ನು ಗುರುತಿಸಬೇಕು. ಎರಡು ಗಂಟೆಯ ಪರೀಕ್ಷೆಯಲ್ಲಿ ಮೊದಲ ಅರ್ಧ ಗಂಟೆ ಕಳೆಯುತ್ತಲೇ ಜನ ತಪ್ಪುವುದು ಹೆಚ್ಚಾಯಿತು. ಸೋಮಾರಿತನ ಅದಕ್ಕೆ ಕಾರಣವಾಗಿರಲಿಲ್ಲ. ಏನೂ ಆಗದಿರುವುದನ್ನು ದೀರ್ಘಕಾಲ ನೋಡುತ್ತಿರಲು ನಮ್ಮ ಮೆದುಳಿಗೆ ಆಗುವುದಿಲ್ಲ, ಅಷ್ಟೇ. ಎಂಟು ಗಂಟೆಯ ಶಿಫ್ಟಿನಲ್ಲಿ ರಿಬ್ಬನ್ ನೋಡುವ ಕೆಲಸ ಹೋಯಿತಲ್ಲಾ ಎಂದು ಯಾರಾದರೂ ಕೊರಗಿದರೆ ನಾನು ಅವರ ಜೊತೆ ಸೇರಿ ಕೊರಗುವವನಲ್ಲ. ಆ ಕೆಲಸದ ಜೊತೆಗೆ ಬೇರೇನು ಹೋಯಿತು ಎಂಬುದೇ ನನ್ನ ಚಿಂತೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಕ್ಯಾಮೆರಾದ ಲೆಕ್ಕ ಇನ್ನೂ ಸರಳ. ಮೂರೂವರೆ ಮೀಟರ್ ಅಗಲದಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೆ ಒಂದು ಬಿಂದು ಎಂದರೆ 35,000 ಬಿಂದುಗಳು. 8,192 ಬಿಂದುಗಳ ಲೈನ್ ಸ್ಕ್ಯಾನ್ ಕ್ಯಾಮೆರಾ ಐದು ಇಟ್ಟರೆ ಅಗಲ ಮುಗಿಯಿತು. ಲೈನ್ ಸ್ಕ್ಯಾನ್ ಎಂದರೆ ಪೂರ್ತಿ ಚಿತ್ರ ತೆಗೆಯದೆ ಒಂದೇ ಗೆರೆಯನ್ನು ಮತ್ತೆ ಮತ್ತೆ ಓದುವ ಕ್ಯಾಮೆರಾ. ಗಾಜು ಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಓಡುವುದರಿಂದ ಸೆಕೆಂಡಿಗೆ 2,000 ಗೆರೆ ಓದಬೇಕು. ಅಂದರೆ ಸೆಕೆಂಡಿಗೆ ಏಳು ಕೋಟಿ ಬಿಂದುಗಳು. ಇವತ್ತಿನ ಕಂಪ್ಯೂಟರಿಗೆ ಇದು ಹೊರಲಾಗದ ಹೊರೆಯಲ್ಲ. ಜರ್ಮನಿಯ ಇಸ್ರಾ ವಿಷನ್, ಡಾ. ಶೆಂಕ್ ಮುಂತಾದ ಕಂಪನಿಗಳು ಫ್ಲೋಟ್ ಲೈನಿಗೆಂದೇ ಇಂಥ ಯಂತ್ರಗಳನ್ನು ಮಾಡುತ್ತ ಬಂದಿವೆ.

ಕಷ್ಟ ಇರುವುದು ಕ್ಯಾಮೆರಾದಲ್ಲಿ ಅಲ್ಲವೇ ಅಲ್ಲ, ದೀಪದಲ್ಲಿ. ಇದನ್ನು ನಮ್ಮ ಕಾಲೇಜುಗಳಲ್ಲಿ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಗಾಜು ಪಾರದರ್ಶಕ, ಅದರೊಳಗಿನ ಗುಳ್ಳೆಯೂ ಪಾರದರ್ಶಕ. ಎರಡೂ ಕಾಣದ ವಸ್ತುಗಳು. ಕಾಣದ್ದರೊಳಗೆ ಕಾಣದ್ದನ್ನು ಕಾಣಿಸುವ ಕೆಲಸ ಬೆಳಕಿನದು. ಹಿಂದಿನಿಂದ ನೇರ ಬೆಳಕು ಬಿಟ್ಟರೆ ಕರಗದ ಕಲ್ಲಿನ ಚೂರು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಬೆಳಕನ್ನು ಓರೆಯಾಗಿ ಬಿಟ್ಟು ಕ್ಯಾಮೆರಾದ ಹಿನ್ನೆಲೆ ಕಪ್ಪಾಗುವಂತೆ ನೋಡಿಕೊಂಡರೆ ಗೀರು, ಚುಕ್ಕೆ, ಗುಳ್ಳೆಯ ಅಂಚು ಬೆಳಕನ್ನು ಚೆದುರಿಸಿ ಬೆಳ್ಳಗೆ ಹೊಳೆಯುತ್ತವೆ. ಕಪ್ಪು ಬಿಳಿ ಪಟ್ಟಿಗಳ ಹಿನ್ನೆಲೆ ಇಟ್ಟರೆ ಗಾಜಿನ ಮೈ ಎಲ್ಲಿ ಸ್ವಲ್ಪ ಏರಿಳಿದಿದೆಯೋ ಅಲ್ಲಿ ಪಟ್ಟಿ ಸೊಟ್ಟಗಾಗುತ್ತದೆ. ಧ್ರುವೀಕರಿಸಿದ ಬೆಳಕಿನಲ್ಲಿ ನೋಡಿದರೆ ಕಲ್ಲಿನ ಸುತ್ತ ಗಾಜು ಬಿಗಿದುಕೊಂಡಿರುವುದು ಕಾಣುತ್ತದೆ. ಒಂದೇ ದೋಷ ನಾಲ್ಕು ಬೆಳಕಿನಲ್ಲಿ ನಾಲ್ಕು ಮುಖ ತೋರಿಸುತ್ತದೆ. ನಾಲ್ಕನ್ನೂ ಸೇರಿಸಿ ನೋಡಿದರೇ ಅದರ ಜಾತಕ ಗೊತ್ತಾಗುವುದು.

ನಮ್ಮ ಪ್ಲೈವುಡ್, ಗ್ಲಾಸ್ ಅಂಗಡಿಗಳಲ್ಲಿ ಶೀಟ್ ಕತ್ತರಿಸುವವರನ್ನು ಗಮನಿಸಿದ್ದೀರಾ? ನಡುವೆ ಹಳೇ ಪೇಪರ್ ಹಾಕಿ ಒರಗಿಸಿಟ್ಟ ಶೀಟುಗಳಿಂದ ಒಂದನ್ನು ಎಳೆದು ಮೇಜಿನ ಮೇಲೆ ಹಾಕುತ್ತಾರೆ. ಕಟರನ್ನು ಸೀಮೆಎಣ್ಣೆಗೆ ಅದ್ದುವ ಮೊದಲು ತಲೆ ಬಗ್ಗಿಸಿ, ಗಾಜಿನ ಮಟ್ಟಕ್ಕೆ ಕಣ್ಣು ತಂದು, ಮೇಲಿನ ಟ್ಯೂಬ್‌ಲೈಟಿನ ಪ್ರತಿಬಿಂಬ ಅದರ ಮೇಲೆ ನೆಟ್ಟಗೆ ಜಾರುತ್ತದೆಯೋ ಬಳುಕುತ್ತದೆಯೋ ನೋಡುತ್ತಾರೆ. ಕನ್ನಡಿಗೆ ಬೇಕಾದದ್ದು ಯಾವುದು, ಷೋಕೇಸಿಗೆ ಸಾಕಾದದ್ದು ಯಾವುದು ಎಂದು ಅಲ್ಲೇ ತೀರ್ಮಾನವಾಗುತ್ತದೆ. ಮಾನದಂಡಗಳ ಪುಸ್ತಕದಲ್ಲಿ ಇಂಥದ್ದೇ ಒಂದು ಪರೀಕ್ಷೆಗೆ ಜೀಬ್ರಾ ಪರೀಕ್ಷೆ ಎಂಬ ಹೆಸರಿದೆ. ಓರೆ ಪಟ್ಟಿಗಳ ಹಲಗೆ, ನಿಗದಿತ ದೂರ, ಗಾಜು ತಿರುಗಿಸುವ ಕೋನ, ಎಲ್ಲ ಬರೆದಿಟ್ಟಿದ್ದಾರೆ. ಒಳಗಿನ ವಿದ್ಯೆ ಮಾತ್ರ ಅಂಗಡಿಯವನದ್ದೇ. ಇನ್ನೂ ದೊಡ್ಡ ಕೆಲಸ ಮಾಡುವ ಕಡೆ ಚಿಕ್ಕದೊಂದು ಅಲ್ಟ್ರಾವಯಲೆಟ್ ದೀಪ ಇರುತ್ತದೆ. ತವರದ ಮೇಲೆ ಮಲಗಿದ್ದ ಮೈಗೆ ಆ ದೀಪ ಹಿಡಿದರೆ ಅದು ಹಾಲಿನಂತೆ ಮಂಕಾಗಿ ಬೆಳಗುತ್ತದೆ, ಇನ್ನೊಂದು ಮೈ ಸುಮ್ಮನಿರುತ್ತದೆ.

ದೀಪ ಸರಿಯಾಯಿತು, ಕ್ಯಾಮೆರಾ ಸರಿಯಾಯಿತು. ಈಗ ಯಂತ್ರ ಎಲ್ಲವನ್ನೂ ಕಾಣುತ್ತದೆ. ತೊಂದರೆ ಶುರುವಾಗುವುದು ಇಲ್ಲಿಂದ, ಏಕೆಂದರೆ ಅದು ಧೂಳನ್ನೂ ಕಾಣುತ್ತದೆ. ಮೇಲೆ ಕೂತ ಧೂಳಿನ ಕಣ, ತೊಳೆಯುವ ಯಂತ್ರ ಬಿಟ್ಟ ನೀರಿನ ಹನಿ, ಒಳಗಿನ ಗುಳ್ಳೆ, ಮೂರೂ ಮೊದಲ ನೋಟಕ್ಕೆ ಒಂದೇ ಚುಕ್ಕೆ. ಎರಡು ಕೋನದಿಂದ ನೋಡಿ ಆಳ ಅಳೆದರೆ ಮೇಲಿನದು ಯಾವುದು, ಒಳಗಿನದು ಯಾವುದು ತಿಳಿಯುತ್ತದೆ. ಆದರೂ ಸಂದೇಹದ ಚುಕ್ಕೆಗಳು ಉಳಿಯುತ್ತವೆ. ಅವನ್ನು ಬಿಡಬೇಕೋ ತೆಗೆಯಬೇಕೋ?

ಒಂದು ಊಹೆಯ ಲೆಕ್ಕ ನೋಡಿ. ಸಾವಿರ ಶೀಟುಗಳಲ್ಲಿ ನಿಜವಾಗಿ ಕೆಟ್ಟದ್ದು ಒಂದೇ ಎಂದಿಟ್ಟುಕೊಳ್ಳಿ. ಯಂತ್ರ ನೂರು ಕೆಟ್ಟ ಶೀಟಿನಲ್ಲಿ 99ನ್ನು ಹಿಡಿಯುತ್ತದೆ, ನೂರು ಒಳ್ಳೆಯ ಶೀಟಿನಲ್ಲಿ ಎರಡನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಕೇಳುವುದಕ್ಕೆ ಬಹಳ ಚೆನ್ನಾಗಿದೆ. ಆದರೆ ಸಾವಿರ ಶೀಟು ದಾಟುವಷ್ಟರಲ್ಲಿ ಅದು ಒಂದು ಕೆಟ್ಟದ್ದರ ಜೊತೆ ಇಪ್ಪತ್ತು ಒಳ್ಳೆಯದನ್ನೂ ಪಕ್ಕಕ್ಕೆ ತಳ್ಳಿರುತ್ತದೆ. ರಿಜೆಕ್ಟ್ ಆದ 21 ಶೀಟಿನಲ್ಲಿ 20 ನಿರಪರಾಧಿಗಳು. ಒಂದು ಕಲ್ಲು ಸಿಕ್ಕಿತೆಂದು ಮೊರದ ಅಕ್ಕಿಯನ್ನೆಲ್ಲ ಅಂಗಳಕ್ಕೆ ಚೆಲ್ಲಿದ ಹಾಗೆ. ತಿಂಗಳ ಕೊನೆಗೆ ಇದರ ಲೆಕ್ಕ ಮ್ಯಾನೇಜರರ ಮೇಜಿಗೆ ಬಂದಾಗ, 'ಆ ಸೆಟ್ಟಿಂಗ್ ಸ್ವಲ್ಪ ಸಡಿಲ ಮಾಡ್ರೀ' ಎಂಬ ಮಾತು ಬರುತ್ತದೆ. ಸಡಿಲ ಮಾಡುತ್ತಾರೆ. ಮುಂದಿನ ತಿಂಗಳು ಗಿರಾಕಿಯಿಂದ ದೂರು ಬರುತ್ತದೆ. ಮತ್ತೆ ಬಿಗಿ ಮಾಡುತ್ತಾರೆ. ಹೊಸೂರಿನ ಯಾವ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡಿದವರಿಗೂ ಈ ಜೋಕಾಲಿ ಪರಿಚಿತ.

ಆದ್ದರಿಂದ ಯಾವುದು ದೋಷ ಎಂದು ನಿರ್ಧರಿಸುವುದು ಯಂತ್ರದ ಕೆಲಸವೇ ಅಲ್ಲ. ಯುರೋಪಿನ ಮಾನದಂಡ ಚುಕ್ಕೆ ದೋಷಗಳನ್ನು ಅರ್ಧ ಮಿಲಿಮೀಟರಿನವರೆಗೆ, ಒಂದರವರೆಗೆ, ಮೂರರವರೆಗೆ, ಅದಕ್ಕೂ ಮೇಲೆ ಎಂದು ನಾಲ್ಕು ವರ್ಗ ಮಾಡಿದೆ. ತೀರಾ ಚಿಕ್ಕವು ಎಷ್ಟಿದ್ದರೂ ನಡೆಯುತ್ತದೆ ಎನ್ನುತ್ತದೆ. ನಮ್ಮಲ್ಲಿ ಫ್ಲೋಟ್ ಗಾಜಿಗೆ ಐಎಸ್ 14900, ಸುರಕ್ಷಾ ಗಾಜಿಗೆ ಐಎಸ್ 2553 ಇವೆ. ಅದೇ ಗುಳ್ಳೆ ಕನ್ನಡಿಯಲ್ಲಿ ಮುಖದ ಎದುರಿಗೆ ಬಂದರೆ ಗಿರಾಕಿ ಅಂಗಡಿಗೆ ವಾಪಸ್ ತರುತ್ತಾನೆ, ಬಾತ್‌ರೂಮಿನ ಕಿಟಕಿಯಲ್ಲಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಲಾರಿಯ ಮುಂದಿನ ಗಾಜಿನಲ್ಲಿ ಚಾಲಕನ ಕಣ್ಣಿನ ನೇರಕ್ಕೆ ಬರುವ ಬಳುಕು ಅಪಾಯ, ಮೂಲೆಯಲ್ಲಿದ್ದರೆ ಅಷ್ಟಿಲ್ಲ. ಈಗಿನ ಲೈನುಗಳಲ್ಲಿ ಇದಕ್ಕೊಂದು ಜಾಣತನದ ವ್ಯವಸ್ಥೆ ಇದೆ. ಸ್ಕ್ಯಾನರ್ ಕಂಡ ದೋಷಗಳ ಜಾಗ, ಗಾತ್ರ, ಬಗೆ ಎಲ್ಲ ಕತ್ತರಿಸುವ ಯಂತ್ರಕ್ಕೆ ಹೋಗುತ್ತವೆ. ಅದು ಯಾವ ತುಂಡು ಯಾವ ಗಿರಾಕಿಗೆ ಸಲ್ಲುತ್ತದೆ ಎಂದು ಲೆಕ್ಕ ಹಾಕಿ, ದೋಷವನ್ನು ತಪ್ಪಿಸಿ ಕತ್ತರಿಸುತ್ತದೆ. ಯಾರಿಗೂ ಸಲ್ಲದ್ದು ಕೆಳಗೆ ಬಿದ್ದು ಪುಡಿಯಾಗಿ ಕಲೆಟ್ ಆಗಿ ಕುಲುಮೆಗೆ ಮರಳುತ್ತದೆ.

ಇಲ್ಲಿಗೆ ನಿಂತರೆ ಯಂತ್ರ ಬರೀ ಜರಡಿ. ನನ್ನ ಮುಖ್ಯ ಮಾತು ಇದರಾಚೆಗಿದೆ. ತಪಾಸಣೆಯ ಫಲ ರಿಜೆಕ್ಟ್ ಡಬ್ಬಿಯಲ್ಲಿ ಇರುವುದಿಲ್ಲ, ಕುಲುಮೆಯ ಕಡೆಗೆ ಹಿಂತಿರುಗಿ ಹೋಗುವ ಸುದ್ದಿಯಲ್ಲಿ ಇರುತ್ತದೆ. ಪ್ರತಿ ದೋಷಕ್ಕೂ ಒಂದು ವಿಳಾಸ ಇದೆ.

ಹೇಗೆಂದು ನೋಡಿ. ರಿಬ್ಬನ್ನಿನ ಅಡ್ಡಗಲದಲ್ಲಿ ಎಡ ಅಂಚಿನಿಂದ ಒಂದೇ ದೂರದಲ್ಲಿ, ಉದ್ದಕ್ಕೆ ಸರಿಯಾಗಿ 94 ಸೆಂಟಿಮೀಟರಿಗೊಂದು ಸಣ್ಣ ಗುರುತು ಕಾಣುತ್ತಿದೆ ಎಂದಿಟ್ಟುಕೊಳ್ಳಿ. ಲೇರಿನೊಳಗೆ 30 ಸೆಂಟಿಮೀಟರ್ ವ್ಯಾಸದ ರೋಲರುಗಳಿದ್ದರೆ ಅವುಗಳ ಸುತ್ತಳತೆ ಸುಮಾರು 94 ಸೆಂಟಿಮೀಟರ್. ಎಂದ ಮೇಲೆ ಯಾವುದೋ ಒಂದು ರೋಲರಿಗೆ ಗಾಜಿನ ಚೂರು ಅಂಟಿಕೊಂಡು, ಪ್ರತಿ ಸುತ್ತಿಗೂ ಒಮ್ಮೆ ಕಚ್ಚುತ್ತಿದೆ. ಒಂದೊಂದೇ ಶೀಟನ್ನು ಎತ್ತಿ ನೋಡುವವರಿಗೆ ಇದು ಬಿಡಿ ಬಿಡಿ ಗುರುತು. ಕಿಲೋಮೀಟರುಗಟ್ಟಲೆ ಗಾಜಿನ ನಕ್ಷೆ ಮುಂದಿಟ್ಟುಕೊಂಡವರಿಗೆ ತಾಳ ಹಿಡಿದು ಬರುವ ಕಳ್ಳ.

ಗುಳ್ಳೆಗೂ ವಿಳಾಸವಿದೆ. ಪ್ರಯೋಗಾಲಯದಲ್ಲಿ ಗುಳ್ಳೆ ಇರುವ ತುಂಡನ್ನು ಗಾಳಿ ಇಲ್ಲದ ಕೋಣೆಯಲ್ಲಿ ಒಡೆದು ಒಳಗಿನ ಅನಿಲವನ್ನು ಅಳೆಯುತ್ತಾರೆ. ಸಾರಜನಕದ ಜೊತೆ ಆರ್ಗಾನ್ ಸಿಕ್ಕರೆ ಹೊರಗಿನ ಗಾಳಿ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಗಂಧಕದ ಡೈಆಕ್ಸೈಡ್ ಸಿಕ್ಕರೆ ಗುಳ್ಳೆಗಳನ್ನು ಹೊರದಬ್ಬಲೆಂದು ಹಾಕುವ ಸಲ್ಫೇಟಿನ ಕಡೆಗೆ ಕೈ ತೋರಿಸುತ್ತದೆ. ಕಲ್ಲಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಅದರಲ್ಲಿ ಜಿರ್ಕೋನಿಯಾ ಇದ್ದರೆ ಕುಲುಮೆಯ ಗೋಡೆಯ ಇಟ್ಟಿಗೆಯೇ ಸವೆದು ಗಾಜಿಗೆ ಇಳಿಯುತ್ತಿದೆ. ಬರೀ ಸಿಲಿಕಾ ಇದ್ದರೆ ಮರಳು ಕರಗಿಲ್ಲ, ಇಲ್ಲವೇ ಚಾವಣಿಯಿಂದ ಹನಿ ಬಿದ್ದಿದೆ. ಗಾಜಿನ ಮೇಲ್ಮೈಯಲ್ಲಿ ತವರದ ಚುಕ್ಕೆ ಕಂಡರೆ ಕೊಳದ ಚಾವಣಿಯಲ್ಲಿ ಹೆಪ್ಪುಗಟ್ಟಿದ ತವರದ ಆವಿ ಉದುರುತ್ತಿದೆ. ಕುಲುಮೆಯ ಹೊಟ್ಟೆಯಲ್ಲಿ ಸಾವಿರಕ್ಕೂ ಹೆಚ್ಚು ಟನ್ ಗಾಜು ಇರುವುದರಿಂದ ಇವತ್ತು ಕಂಡ ದೋಷದ ಕಾರಣ ನಿನ್ನೆಯ, ಮೊನ್ನೆಯ ಮಿಶ್ರಣದಲ್ಲಿ ಇರಬಹುದು. ಆ ದಿನದ ಮರಳು ಎಲ್ಲಿಂದ ಬಂತು, ಯಾವ ಶಿಫ್ಟಿನಲ್ಲಿ ಬರ್ನರ್ ಬದಲಾಯಿತು ಎಂಬ ದಾಖಲೆ ಪಕ್ಕದಲ್ಲಿ ಇಲ್ಲದಿದ್ದರೆ ಕ್ಯಾಮೆರಾದ ಚಿತ್ರಕ್ಕೆ ಅರ್ಥವೇ ಬರುವುದಿಲ್ಲ.

ದೊಡ್ಡ ಹಣ ಕೊಟ್ಟು ಸ್ಕ್ಯಾನರ್ ತಂದು, ಅದರ ವರದಿಯನ್ನು ತಿಂಗಳಿಗೊಮ್ಮೆ ಪಿಪಿಟಿಯಲ್ಲಿ ತೋರಿಸಿ ಮುಗಿಸುವ ಕಾರ್ಖಾನೆಗಳನ್ನು ನಾನು ಕಂಡಿದ್ದೇನೆ, ಗಾಜಿನಲ್ಲೂ ಬೇರೆ ಕಡೆಯೂ. ಹೆಸರು ಬೇಡ. ಅಂಥ ಕಡೆ ದೋಷ ಕಡಿಮೆಯಾಗುವುದಿಲ್ಲ, ದೋಷದ ಗ್ರಾಫು ಮಾತ್ರ ಸುಂದರವಾಗುತ್ತದೆ.

ಯಂತ್ರಕ್ಕೆ ಕಾಣದ್ದೂ ಇದೆ. ಎಲ್ಲಕ್ಕಿಂತ ಕುಖ್ಯಾತವಾದದ್ದು ನಿಕಲ್ ಸಲ್ಫೈಡ್ ಕಣ. ಕುಲುಮೆಗೆ ಎಲ್ಲಿಂದಲೋ ನಿಕಲ್ ಸೇರಿ ಗಂಧಕದ ಜೊತೆ ಕೂಡಿದರೆ ಹುಟ್ಟುವ ಸೂಕ್ಷ್ಮ ಹರಳು ಅದು. ಎಷ್ಟೋ ಸಲ ಮಿಲಿಮೀಟರಿನ ಹತ್ತನೇ ಭಾಗದಷ್ಟೂ ಇರುವುದಿಲ್ಲ. ಸಾಮಾನ್ಯ ಗಾಜಿನಲ್ಲಿ ನಿರುಪದ್ರವಿ. ಗಾಜನ್ನು ಟಫನ್ ಮಾಡುವಾಗ 600 ಡಿಗ್ರಿಗೂ ಮೇಲೆ ಕಾಯಿಸಿ ಗಾಳಿಯಲ್ಲಿ ಥಟ್ಟನೆ ತಣಿಸುತ್ತಾರೆ. ಆಗ ಈ ಹರಳು ತನ್ನ ಬಿಸಿಯ ರೂಪದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ತಿಂಗಳು, ವರ್ಷಗಳ ಕಾಲ ನಿಧಾನವಾಗಿ ತಣ್ಣಗಿನ ರೂಪಕ್ಕೆ ತಿರುಗುತ್ತ ಹಿಗ್ಗುತ್ತದೆ. ಒಂದು ದಿನ ಯಾರೂ ಮುಟ್ಟದೆ, ಕಲ್ಲು ಬೀಳದೆ, ಗೋಡೆಯ ಮೇಲಿನ ಗಾಜು ತಾನಾಗಿ ಪುಡಿಯಾಗುತ್ತದೆ. 1961ರಲ್ಲೇ ಆಸ್ಟ್ರೇಲಿಯಾದ ವಿಜ್ಞಾನಿ ಬ್ಯಾಲಂಟೈನ್ ಇದರ ಕಾರಣ ಹೇಳಿದ್ದರು. ಇದಕ್ಕೆ ಮದ್ದೆಂದರೆ ಟಫನ್ ಆದ ಗಾಜನ್ನು ಮತ್ತೆ ಒಲೆಯಲ್ಲಿ ಗಂಟೆಗಟ್ಟಲೆ ಬಿಸಿಯಾಗಿಟ್ಟು, ಒಡೆಯುವುದಿದ್ದರೆ ಅಲ್ಲೇ ಒಡೆಯಲಿ ಎಂದು ಬಿಡುವುದು. ಹೀಟ್ ಸೋಕ್ ಪರೀಕ್ಷೆ ಅನ್ನುತ್ತಾರೆ. ಹಣ ಉಳಿಸಲು ಇದನ್ನು ಬಿಟ್ಟುಬಿಡುವ ಗುತ್ತಿಗೆದಾರರು ಇದ್ದಾರೆ. ನೀವು ಮನೆಯ ಮೆಟ್ಟಿಲ ಪಕ್ಕಕ್ಕೆ, ತಲೆಯ ಮೇಲಿನ ಚಾವಣಿಗೆ ಟಫನ್ ಗಾಜು ಹಾಕಿಸುವುದಾದರೆ ಈ ಪರೀಕ್ಷೆಯ ಕಾಗದ ಕೇಳಿ.

ಇನ್ನೊಂದು, ಕಾರ್ಖಾನೆ ದಾಟಿದ ಮೇಲಿನ ದೋಷ. ಸರಿಯಾಗಿ ಕಾಗದ ಹಾಕದೆ ಜೋಡಿಸಿಟ್ಟ ಶೀಟುಗಳ ನಡುವೆ ಮಳೆಗಾಲದ ತೇವ ಸೇರಿದರೆ ಗಾಜಿನ ಸೋಡಿಯಂ ಕರಗಿ ಮೇಲ್ಮೈ ಕೊರೆದುಹೋಗುತ್ತದೆ. ಕಾಮನಬಿಲ್ಲಿನ ಬಣ್ಣ, ಆಮೇಲೆ ಬಿಳಿ ಕಲೆ. ಎಷ್ಟು ತಿಕ್ಕಿದರೂ ಹೋಗದು. ಜರ್ಮನಿಯ ಸ್ಕ್ಯಾನರ್ ಒಪ್ಪಿ ಕಳಿಸಿದ ಗಾಜು ಗೋದಾಮಿನ ಸೋರುವ ತಗಡಿನ ಕೆಳಗೆ ಕೆಡುತ್ತದೆ. ಮೂರನೆಯದನ್ನು ನೀವೇ ಬೆಂಗಳೂರಿಗೆ ಹೋಗುವಾಗ ನೋಡಬಹುದು. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಹತ್ತಿರ ಗಾಜಿನ ಕಟ್ಟಡಗಳ ಮೇಲೆ ಎದುರಿನ ಕಂಬ, ಫ್ಲೈಓವರ್ ಮೂಡುವುದನ್ನು ಗಮನಿಸಿ. ಕೆಲವು ಕಟ್ಟಡಗಳಲ್ಲಿ ಆ ಗೆರೆಗಳು ಸಣ್ಣ ಸಣ್ಣ ಅಲೆಗಳಾಗಿ ಮುರಿದಿರುತ್ತವೆ. ಟಫನ್ ಮಾಡುವ ಒಲೆಯಲ್ಲಿ ಮೆತ್ತಗಾದ ಗಾಜು ರೋಲರುಗಳ ನಡುವೆ ಜೋತುಬಿದ್ದ ಗುರುತು ಅದು. ಬೆಳಕನ್ನು ಧ್ರುವೀಕರಿಸುವ ತಂಪು ಕನ್ನಡಕ ಹಾಕಿಕೊಂಡು ಕಾರಿನ ಹಿಂದಿನ ಗಾಜು ನೋಡಿದರೆ ಕಾಣುವ ಚಿರತೆ ಚುಕ್ಕೆಗಳು ಗಾಳಿ ಊದಿ ತಣಿಸಿದ ಗುರುತು. ಅದು ದೋಷವಲ್ಲ, ಟಫನ್ ಆಗಿದೆ ಎಂಬುದರ ಲಕ್ಷಣ.

ಈಗ ಆಗಲೇ ಬಿಟ್ಟ ಮಾತಿಗೆ ಬರುತ್ತೇನೆ. ಕತ್ತಲ ಗೂಡಿನಲ್ಲಿ ಕೂತು ನೋಡುತ್ತಿದ್ದವರು ಎದ್ದು ಹೋದಾಗ ಅವರ ಜೊತೆಗೇ ಹೋದದ್ದು ದೋಷಗಳ ಪರಿಚಯ. ಈಗಿನ ತಪಾಸಣೆಯ ತಂತ್ರಾಂಶ ಚಿತ್ರಗಳಿಂದ ಕಲಿಯುತ್ತದೆ. ಇದು ಗುಳ್ಳೆ, ಇದು ಕಲ್ಲು, ಇದು ಧೂಳು ಎಂದು ಸಾವಿರಾರು ಚಿತ್ರಗಳಿಗೆ ಯಾರೋ ಹೆಸರು ಬರೆದು ಕೊಡಬೇಕು. ಧೂಳಿನ ಚಿತ್ರ ಲಕ್ಷಗಟ್ಟಲೆ ಸಿಗುತ್ತದೆ. ಕುಲುಮೆಯ ಇಟ್ಟಿಗೆಯ ಚೂರು ವರ್ಷಕ್ಕೆ ಕೆಲವೇ ಸಲ ಕಾಣುತ್ತದೆ, ಅದನ್ನು ಗುರುತಿಸಬಲ್ಲವರೂ ಕೆಲವರೇ. ಅವರನ್ನು ಮೊದಲೇ ಮನೆಗೆ ಕಳಿಸಿ, ಆಮೇಲೆ ಕಾಲೇಜಿನಿಂದ ಹೊಸದಾಗಿ ಬಂದವರ ಕೈಯಲ್ಲಿ ಹೆಸರು ಬರೆಸಿದರೆ ಯಂತ್ರ ಕಲಿಯುವುದು ಅವರ ಅಜ್ಞಾನವನ್ನೇ. ಹಳೇ ಇನ್‌ಸ್ಪೆಕ್ಟರರನ್ನು ರಿಬ್ಬನ್ನಿನ ಮುಂದಿನಿಂದ ಎಬ್ಬಿಸಿ, ಮಿತಿ ನಿರ್ಧರಿಸುವ ಮೇಜಿನ ಮುಂದೆ ಕೂರಿಸಬೇಕು. ಸಂಬಳವೂ ಅದಕ್ಕೆ ತಕ್ಕಂತೆ ಇರಬೇಕು. ನನ್ನ ದೃಷ್ಟಿಯಲ್ಲಿ ಇದು ದಯೆಯ ಪ್ರಶ್ನೆಯಲ್ಲ, ಕಂಪನಿಯ ಸ್ವಾರ್ಥದ ಪ್ರಶ್ನೆ.

ಕೊನೆಗೆ ನಮ್ಮ ಗಡಿಯ ವಿಷಯ. ಈ ಜಿಲ್ಲೆಯ ಲೈನುಗಳಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಆಡುವವರು ಹಿಂದಿನಿಂದಲೂ ಇದ್ದಾರೆ, ಈಗ ಹಿಂದಿ, ಒಡಿಯಾ ಆಡುವವರೂ ಬಂದಿದ್ದಾರೆ. ಕೈಪಿಡಿ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಪರದೆಯ ಮೇಲೆ ದೋಷದ ಹೆಸರು ಇಂಗ್ಲಿಷಿನಲ್ಲಿ ಕೆಂಪಗೆ ಮಿನುಗಿದಾಗ ಪಾಳಿಯ ಹುಡುಗಿ ಸರಿ ಅನ್ನುವ ಗುಂಡಿ ಒತ್ತಿ ಮುಂದೆ ಹೋಗುತ್ತಾಳೆ, ಬೇರೆ ದಾರಿ ಇಲ್ಲದೆ. ಇಲ್ಲಿನ ಪಾಲಿಟೆಕ್ನಿಕ್, ಐಟಿಐ ಶಿಕ್ಷಕರು ಈ ಸಭೆಯಲ್ಲಿದ್ದೀರಿ. ನನ್ನ ಕೋರಿಕೆ ಎರಡೇ. ಮಕ್ಕಳಿಗೆ ಕ್ಯಾಮೆರಾ, ತಂತ್ರಾಂಶ ಕಲಿಸುವ ಮೊದಲು ಒಂದು ಟಾರ್ಚು, ಒಂದು ಗಾಜಿನ ತುಂಡು, ಒಂದು ಕತ್ತಲ ಕೋಣೆ ಕೊಟ್ಟು ಬೆಳಕನ್ನು ಎಲ್ಲಿಂದ ಬಿಟ್ಟರೆ ಏನು ಕಾಣುತ್ತದೆ ಎಂದು ಒಂದು ವಾರ ಆಟವಾಡಿಸಿ. ಎರಡನೆಯದು, ಒಂದು ಆಲ್ಬಂ ಮಾಡಿ. ಪ್ರತಿ ಪುಟದಲ್ಲಿ ಒಂದು ದೋಷ, ನಾಲ್ಕು ಬೆಳಕಿನಲ್ಲಿ ಅದರ ನಾಲ್ಕು ಚಿತ್ರ, ಅದು ಎಲ್ಲಿಂದ ಹುಟ್ಟುತ್ತದೆ ಎಂಬ ಎರಡು ಸಾಲು, ಕನ್ನಡ, ತಮಿಳು, ತೆಲುಗು, ಹಿಂದಿಯಲ್ಲಿ. ಗಾಜಿನಿಂದ ಶುರು ಮಾಡಿ, ಆಮೇಲೆ ಎರಕ, ಪೇಂಟು, ಪ್ಲಾಸ್ಟಿಕ್ಕಿಗೂ ಬೆಳೆಸಿ. ಕಾರ್ಮಿಕ ಬಂಧುಗಳೇ, ಅದಕ್ಕೆ ಬೇಕಾದ ತುಂಡುಗಳು ನಿಮ್ಮ ಲೈನಿನ ಕೆಳಗಿನ ರಿಜೆಕ್ಟ್ ಡಬ್ಬಿಯಲ್ಲೇ ಬಿದ್ದಿವೆ. ಮೇಲಿನವರ ಒಪ್ಪಿಗೆ ಕೇಳಿ, ದಿನಾಂಕ, ಶಿಫ್ಟು, ಲೈನ್ ನಂಬರ್ ಬರೆದು ಎತ್ತಿಟ್ಟುಕೊಳ್ಳಿ. ಕೈಗವಸು ಮಾತ್ರ ಮರೆಯಬೇಡಿ.